ಹೆಸರು ಸಾಕೋ, ಒಳಗೆ ಇಣುಕಬೇಕೋ

ಮಂಗಳವಾರ, 11 ಮಾರ್ಚ್ 2025, ರಾತ್ರಿ

ಫೈಲ್ ಯಾವ ಬಗೆಯದು ಅಂತ ಫೈಲ್ ಮ್ಯಾನೇಜರ್ ಹೆಸರು ನೋಡಿ ಹೇಳಬೇಕೋ, ಒಳಗೆ ಓದಿ ಹೇಳಬೇಕೋ? ಹೆಸರಿನ ಕೊನೆಯ ಡಾಟ್ ಟಿಎಸ್ ಅನ್ನೋ ಬಾಲ ಸಂಜೆಯಿಂದ ತಲೆ ತಿನ್ನುತ್ತಿದೆ. ಟೈಪ್‌ಸ್ಕ್ರಿಪ್ಟ್ ಕೋಡಿಗೂ ಅದೇ, ಎಂಪೆಗ್ ವಿಡಿಯೋ ಸ್ಟ್ರೀಮಿಗೂ ಅದೇ, ಆ್ಯಪ್ ಕಟ್ಟುವ ಸಲಕರಣೆ ಕ್ಯೂಟಿಯ ಅನುವಾದದ ಫೈಲಿಗೂ ಅದೇ. ಹೆಸರನ್ನಷ್ಟೇ ನಂಬಿದ ಫೈಲ್ ಮ್ಯಾನೇಜರ್, ಕೋಡ್ ಕ್ಲಿಕ್ ಮಾಡಿದರೆ ವಿಡಿಯೋ ಪ್ಲೇಯರ್ ಎಬ್ಬಿಸುತ್ತೆ.

ಹಾಗಂತ ಎಲ್ಲವನ್ನೂ ತೆರೆದು ನೋಡೋಣ ಅಂದರೆ? ನೆಟ್‌ವರ್ಕ್ ಫೋಲ್ಡರಿನಲ್ಲಿ ಹೆಸರುಗಳು ಕಂತೆಕಂತೆಯಾಗಿ ಬರುತ್ತವೆ. ಆದರೆ ತೆರೆ, ಓದು, ಮುಚ್ಚು ಅನ್ನೋದು ಪ್ರತಿ ಫೈಲಿಗೂ ಸರ್ವರಿಗೆ ಮೂರು ಬೇರೆ ಬೇರೆ ಓಡಾಟ. ಓಡಾಟಕ್ಕೆ 5 ಮಿಲಿಸೆಕೆಂಡ್ ಹಿಡಿದರೂ, ಒಂದಾದ ಮೇಲೊಂದರಂತೆ 10,000 ಫೈಲಿಗೆ 150 ಸೆಕೆಂಡ್. ಯಾರು ಕಾಯುತ್ತಾರೆ! ಇನ್ನು ತೆರೆಯಲು ಹೋದದ್ದು ಒಂದು ಪ್ರೋಗ್ರಾಮ್ ಬರೆದದ್ದನ್ನು ಇನ್ನೊಂದು ಓದುವ ಫಿಫೊ ಪೈಪ್ ಆಗಿದ್ದರೆ, ಅತ್ತ ಬರೆಯುವ ಪ್ರೋಗ್ರಾಮ್ ಬರುವ ತನಕ ವಿಂಡೋ ಅಲ್ಲಾಡಲ್ಲ. ಅದಕ್ಕೇ ಮೊದಲು, ತೆರೆಯದೆಯೇ ಅದು ಏನು ಅಂತ ಹೇಳುವ ಎಲ್‌ಸ್ಟ್ಯಾಟ್ ಕರೆ. ಮಾಮೂಲಿ ಫೈಲ್ ಅಂತ ಖಾತ್ರಿಯಾದ ಮೇಲೇ ಓಪನ್.

ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮ ಬರೆಯುವ ಫ್ರೀಡೆಸ್ಕ್‌ಟಾಪ್‌ನವರ ಕ್ರಮವೇ ನನಗೆ ಸರಿ ಕಾಣುತ್ತೆ. ಹೆಸರಿಗೆ ಒಂದೇ ಟೈಪ್ ಹೊಂದಿದರೆ ಮುಗಿಯಿತು. ಒಂದೂ ಹೊಂದದಿದ್ದರೆ, ಅಥವಾ ಟಿಎಸ್ ಥರ ಎರಡು ಮೂರು ಹೊಂದಿದರೆ ಮಾತ್ರ ಮ್ಯಾಜಿಕ್ ಬೈಟ್, ಅಂದರೆ ಫೈಲಿನೊಳಗಿನ ಗುರುತಿನ ಬೈಟ್, ನೋಡೋದು. ಗ್ನೋಮ್‌ನ ಫೈಲ್ ಲೈಬ್ರರಿ ಜಿಐಒದಲ್ಲಿ ಪಟ್ಟಿ ತೋರಿಸುವಾಗ ಕೇಳಬೇಕಾದ್ದು, ಹೆಸರು ನೋಡಿಯೇ ಬಗೆ ಹೇಳುವ ಫಾಸ್ಟ್-ಕಂಟೆಂಟ್-ಟೈಪ್. ಡಬಲ್ ಕ್ಲಿಕ್ ಆದಾಗ ಇರುವುದು ಒಂದೇ ಫೈಲ್, ಆಗ ಒಳಗೆ ನೋಡಲು ಜಿಪುಣತನ ಬೇಡ. ಪಿಡಿಎಫ್ ಹೆಸರಿನಲ್ಲಿ ಓಡುವ ಪ್ರೋಗ್ರಾಮ್ ಕೂತಿದ್ದರೆ ಸಿಕ್ಕಿಬೀಳಬೇಕಾದ್ದು ಅಲ್ಲೇ.

ನೋಡುವುದರಲ್ಲೂ ಮೋಸ ಹೋಗಬಹುದು. ಎಂಪೆಗ್ ಸ್ಟ್ರೀಮಿನ ಮೊದಲ ಬೈಟ್ ಹೆಕ್ಸ್ (ಹದಿನಾರರ ಲೆಕ್ಕದ) 47. ಇಂಗ್ಲಿಷಿನ ದೊಡ್ಡ ಜಿ ಅಕ್ಷರವೂ ಅದೇ 47! ಆ ಒಂದು ಬೈಟ್ ನಂಬಿದರೆ ಜಿಯಿಂದ ಶುರುವಾಗುವ ಪತ್ರವೂ ವಿಡಿಯೋ. 188 ಬೈಟಿಗೊಮ್ಮೆ ಅದು ಮರುಕಳಿಸಬೇಕು. 0, 188, 376, 564ರಲ್ಲಿ ಸಿಕ್ಕರೆ ಒಪ್ಪಬಹುದು. ಫೈಲುಗಳ ಕಟ್ಟಾದ ಟಾರ್ ಫೈಲಿನ ಯುಸ್ಟಾರ್ ಗುರುತು 257ನೇ ಜಾಗದಲ್ಲಿದೆ, ಡಿಸ್ಕಿನ ಪ್ರತಿಯಾದ ಐಎಸ್ಒದ್ದು 32,769ರಲ್ಲಿ. ಮೊದಲ ನಾಲ್ಕು ಬೈಟ್ ಓದಿ ತೀರ್ಪು ಕೊಡುವ ಕೋಡಿಗೆ ಇವೆರಡೂ ಕಾಣೋದೇ ಇಲ್ಲ.

ಒಡಿಟಿ, ಡಾಕ್ಸ್, ಇಪಬ್, ಎಪಿಕೆ ಎಲ್ಲದರ ಹೊಟ್ಟೆಯೂ ಜಿಪ್, ಶುರುವಿನಲ್ಲಿ ಪಿಕೆ ಅನ್ನೋ ಗುರುತು. ಹೆಸರು ಒಡಿಟಿ, ಒಳಗೆ ಜಿಪ್ ಅಂದರೆ ಅದು ಜಗಳವಲ್ಲ. ಜಿಪ್‌ನ ಒಳಪಂಗಡವೇ ಒಡಿಟಿ, ಹೆಸರೇ ಗೆಲ್ಲಬೇಕು. ಹೆಸರು ಒಡಿಟಿ, ಒಳಗೆ ಜೆಪೆಗ್ ಅಂದರೆ ಮಾತ್ರ ಒಳಗಿನದ್ದು.

ಬಾಲವೂ ಇಲ್ಲ, ಮ್ಯಾಜಿಕ್ಕೂ ಇಲ್ಲ ಅಂದಾಗ ಮೊದಲ 128 ಬೈಟಿನಲ್ಲಿ ಕಂಟ್ರೋಲ್ ಅಕ್ಷರ (ಬರಹದಲ್ಲಿ ಕಾಣದ ಸಂಕೇತ) ಹುಡುಕಿ ಟೆಕ್ಸ್ಟೋ ಅಲ್ಲವೋ ಅನ್ನಬೇಕು. ಕೆಲವರು ಇಲ್ಲಿ ಯುನಿಕೋಡ್ ಅಕ್ಷರಗಳನ್ನು ಬೈಟಾಗಿ ಬರೆಯುವ ಯುಟಿಎಫ್-8 ಸರಿ ಇದೆಯಾ ಅಂತ ಪರೀಕ್ಷಿಸುತ್ತಾರೆ. ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಯುನಿಕೋಡ್ ಸಂಕೇತಕ್ಕೂ) ಮೂರು ಬೈಟ್. 128 ಮೂರರಿಂದ ಭಾಗವಾಗಲ್ಲ, ಕೊನೆಯದು ಅರ್ಧಕ್ಕೆ ಕತ್ತರಿಸಿಹೋಗಬಹುದು, ಆಗ ಅಚ್ಚ ಕನ್ನಡದ ಫೈಲ್ ಬೈನರಿ (ಟೆಕ್ಸ್ಟ್ ಅಲ್ಲದ್ದು) ಅನ್ನಿಸಿಕೊಳ್ಳುತ್ತೆ. ಕೊನೆಯ ಮೂರು ಬೈಟಿನವರೆಗಿನ ತುಂಡನ್ನು ಮನ್ನಿಸಿದರೆ ಸಾಕು, ಯುಟಿಎಫ್-8ರಲ್ಲಿ ಅದಕ್ಕಿಂತ ಉದ್ದದ ತುಂಡು ಉಳಿಯಲ್ಲ.

ಆದರೆ ಹಳೇ ನುಡಿ ಫಾಂಟಿನ ಟೆಕ್ಸ್ಟ್ ಫೈಲುಗಳು? ಯುಟಿಎಫ್-8 ಅಲ್ಲ, ಗುರುತಿನ ಬೈಟೂ ಇಲ್ಲ. ಕಂಟ್ರೋಲ್ ಅಕ್ಷರದ ಪರೀಕ್ಷೆ ಒಂದನ್ನೇ ಇಟ್ಟುಕೊಂಡರೆ ಟೆಕ್ಸ್ಟ್ ಅಂತ ಪಾಸಾದಾವು, ಆದರೆ ತೆರೆಯುವ ಎಡಿಟರಿಗೆ ಯಾವ ಎನ್‌ಕೋಡಿಂಗ್ ಅಂತ ಹೇಳೋದು, ಅದೂ ಫಾಂಟಿನ ಹೆಸರು ಫೈಲಿನೊಳಗೆ ಎಲ್ಲೂ ಇಲ್ಲದಿರುವಾಗ…