ಪಾಸ್ಟರ್ ಸಂಬಳ ಎಷ್ಟು ಅಂತ ಇಲ್ಲಿ ಯಾರು ಬೇಕಾದರೂ ನೋಡಬಹುದು

ಭದ್ರಾವತಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪ ಕೇಳುವ ಮಾತು ಒಂದಿದೆ. "ಜರ್ಮನಿಯಲ್ಲಿ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತಂತೆ, ಹೌದೇನೋ?" ಒಂದೇ ಮಾತಲ್ಲಿ ಹೌದು ಅನ್ನಲು ಬರುವುದಿಲ್ಲ, ಇಲ್ಲ ಅನ್ನಲೂ ಬರುವುದಿಲ್ಲ. ಬಿಡಿಸಿಯೇ ಬರೆಯುತ್ತೇನೆ. ನಮ್ಮ ಕಡೆಯ ಕ್ರೈಸ್ತ ಸಭೆಗಳಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿಗೆ ಹೊಸದಾಗಿ ಬಂದವರು ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಅಂತಲೂ ಕೇಳುತ್ತಾರೆ. ಕ್ಯಾಥೊಲಿಕ್ ಅಂತಲೋ ಇಲ್ಲಿನ ಪ್ರೊಟೆಸ್ಟೆಂಟ್ ಸಭೆಯವರು ಅಂತಲೋ ಬರೆಸಿದರೆ, ಸಂಬಳದ ಚೀಟಿಯಲ್ಲಿ 'ಕಿರ್ಖನ್‌ಸ್ಟೊಯರ್' ಅಂತ ಒಂದು ಕಡಿತ ಶುರುವಾಗುತ್ತದೆ. ಅದೇ ಚರ್ಚ್ ತೆರಿಗೆ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ಬವೇರಿಯಾ ರಾಜ್ಯಗಳಲ್ಲಿ ಶೇ. 8, ಉಳಿದ ಕಡೆ ಶೇ. 9. ಸಂಬಳದ ಮೇಲಲ್ಲ, ನಾವು ಕಟ್ಟುವ ಆದಾಯ ತೆರಿಗೆಯ ಮೇಲೆ. ತಿಂಗಳಿಗೆ 500 ಯೂರೋ ಆದಾಯ ತೆರಿಗೆ ಹೋಗುವವರಿಂದ ಚರ್ಚಿಗೆ 40 ಯೂರೋ. ಆದಾಯ ತೆರಿಗೆ ಕಟ್ಟುವಷ್ಟು ದುಡಿಮೆ ಇಲ್ಲದವರು ಇದನ್ನೂ ಕಟ್ಟಬೇಕಿಲ್ಲ. ದುಡ್ಡು ವಸೂಲಿ ಮಾಡುವುದು ಸರ್ಕಾರದ ತೆರಿಗೆ ಇಲಾಖೆ. ಅದಕ್ಕೆ ಸ್ವಲ್ಪ ಕೂಲಿ ಹಿಡಿದುಕೊಂಡು ಉಳಿದದ್ದನ್ನು ಸಭೆಗಳಿಗೆ ಕೊಡುತ್ತದೆ. 1919ರ ಸಂವಿಧಾನದಲ್ಲಿ ಇದ್ದ ಈ ಏರ್ಪಾಡನ್ನು 1949ರಲ್ಲಿ ಹಾಗೇ ಉಳಿಸಿಕೊಂಡರು. 2023ರಲ್ಲಿ ಎರಡೂ ಸಭೆಗಳಿಗೆ ಸೇರಿ ಬಂದದ್ದು 1,200 ಕೋಟಿ ಯೂರೋಗೂ ಜಾಸ್ತಿ. ಅಂದರೆ ಇದು ಸರ್ಕಾರದ ದುಡ್ಡಲ್ಲ. ಸಭೆಯ ಸದಸ್ಯರ ದುಡ್ಡು.

ಸರ್ಕಾರದ ದುಡ್ಡೂ ಒಂದಷ್ಟು ಬರುತ್ತದೆ. ಅದರ ಕಥೆ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಇನಾಂ ಜಮೀನು ಹೋದ ದೇವಸ್ಥಾನಗಳಿಗೆ ನಮ್ಮಲ್ಲಿ ತಸ್ತೀಕು ಕೊಡುತ್ತಾರಲ್ಲ, ಹಾಗೆ. ಇಲ್ಲಿ 1803ರಲ್ಲಿ ಚರ್ಚುಗಳ ಜಮೀನು ರಾಜರ ಕೈ ಸೇರಿತು. ಅದಕ್ಕೆ ಪರಿಹಾರವಾಗಿ ಬಹುತೇಕ ರಾಜ್ಯಗಳು ಇಂದಿಗೂ ವರ್ಷಾವರ್ಷ ಹಣ ಕೊಡುತ್ತಿವೆ. ಒಟ್ಟು 50 ಕೋಟಿ ಯೂರೋಗೂ ಜಾಸ್ತಿ. ಇದನ್ನು ನಿಲ್ಲಿಸಬೇಕು ಅಂತ ಅದೇ 1919ರ ಸಂವಿಧಾನ ಹೇಳಿದೆ. ಇನ್ನೂ ನಿಂತಿಲ್ಲ.

ನನಗೆ ತುಂಬ ಹಿಡಿಸಿದ್ದು ಸಂಬಳದ ವಿಷಯ. ಪ್ರೊಟೆಸ್ಟೆಂಟ್ ಪಾಸ್ಟರಿಗೆ ಸಾಮಾನ್ಯವಾಗಿ ಸರ್ಕಾರಿ ನೌಕರರ 'ಎ 13' ದರ್ಜೆಯ ಲೆಕ್ಕದಲ್ಲಿ ಸಂಬಳ, ಸೇವೆ ಹೆಚ್ಚಾದ ಮೇಲೆ 'ಎ 14'. ಇಲ್ಲಿನ ದೊಡ್ಡ ಹೈಸ್ಕೂಲಿನ ಮೇಷ್ಟ್ರ ಸಂಬಳವೂ ಅಷ್ಟೇ. ಆ ಪಟ್ಟಿ ಗುಟ್ಟಲ್ಲ, ಯಾರು ಬೇಕಾದರೂ ನೋಡಬಹುದು. ಪಿಂಚಣಿ ಇದೆ. ಅವರೂ ಆದಾಯ ತೆರಿಗೆ ಕಟ್ಟುತ್ತಾರೆ. ನಮ್ಮ ಬಡಾವಣೆಯ ಚರ್ಚಿನ ಪಾಸ್ಟರ್ ಒಬ್ಬ ಹೆಣ್ಣುಮಗಳು. ಅವರ ಮನೆ ಖರ್ಚು ಯಾವ ಒಬ್ಬ ಸಾಹುಕಾರನ ಕಾಣಿಕೆಯ ಮೇಲೂ ನಿಂತಿಲ್ಲ. ಕಾರ್ಖಾನೆಗಳು ಜನರನ್ನು ಕೆಲಸದಿಂದ ತೆಗೆಯುವುದರ ಬಗ್ಗೆ ಅವರು ಭಾನುವಾರ ನೇರವಾಗಿ ಮಾತಾಡಿದರು. ಎದುರಿಗೆ ಮ್ಯಾನೇಜರುಗಳೂ ಕೂತಿದ್ದರು. ಆ ಧೈರ್ಯ ಅವರದೇ. ಆದರೆ ಅದಕ್ಕೆ ಈ ಸಂಬಳದ ಪಟ್ಟಿಯ ಬೆಂಬಲವೂ ಇದೆ ಅಂತ ನನಗೆ ಅನಿಸುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ತೆರಿಗೆ ಬೇಡ ಅನ್ನುವವರು ಸಭೆಯನ್ನೇ ಬಿಡಬೇಕು. 2022ರಲ್ಲಿ 5 ಲಕ್ಷಕ್ಕೂ ಜಾಸ್ತಿ ಕ್ಯಾಥೊಲಿಕರು ಹಾಗೆ ಹೊರಗೆ ಹೋದರು. ಎಲ್ಲರೂ ದುಡ್ಡಿಗಾಗಿಯೇ ಹೋಗಲಿಲ್ಲ, ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯದ ಸಿಟ್ಟೂ ಇತ್ತು. ಹೀಗೆ ಹೋದವರಿಗೆ ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿ, ಇಲ್ಲ ಅಂತ ಬಿಷಪ್ಪರು 2012ರಲ್ಲಿ ಆದೇಶ ಮಾಡಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ. ತೆರಿಗೆಗೂ ಪ್ರಸಾದಕ್ಕೂ ಗಂಟು ಹಾಕಬಾರದು.

ಲಿಂಬುರ್ಗ್ ಅನ್ನುವ ಊರಿನ ಬಿಷಪ್ ತಮ್ಮ ನಿವಾಸ ಮತ್ತು ಕಚೇರಿಗೆ 3.1 ಕೋಟಿ ಯೂರೋ ಖರ್ಚು ಮಾಡಿದ್ದು 2013ರಲ್ಲಿ ಬಯಲಾಯಿತು. ದೇಶವೇ ಸಿಟ್ಟಿಗೆದ್ದಿತು. ಮರುವರ್ಷ ಆ ಬಿಷಪ್ಪರ ರಾಜೀನಾಮೆಯನ್ನು ಪೋಪ್ ಫ್ರಾನ್ಸಿಸ್ ಒಪ್ಪಿಕೊಂಡರು. ಆ ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. ಧರ್ಮಪ್ರಾಂತ್ಯಗಳು, ಅಂದರೆ ಒಬ್ಬೊಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶಗಳು, ಒಂದೊಂದಾಗಿ ಆಸ್ತಿ ಲೆಕ್ಕವನ್ನು ಜನರ ಮುಂದಿಟ್ಟವು. 2015ರಲ್ಲಿ ಕೊಲೋನ್ ಧರ್ಮಪ್ರಾಂತ್ಯ ತೋರಿಸಿದ ಲೆಕ್ಕ 335 ಕೋಟಿ ಯೂರೋ. ಸಭೆ ಶ್ರೀಮಂತವೇ, ಅದರಲ್ಲಿ ಸಂಶಯವಿಲ್ಲ. ಆದರೆ ಸಭೆಯ ಆಸ್ತಿ ಬೇರೆ, ಪಾದ್ರಿಯ ಜೇಬು ಬೇರೆ.

ನಮ್ಮಲ್ಲಿ ಜನ ಇವೆರಡನ್ನೂ ಒಂದೇ ಮಾಡಿಬಿಡುತ್ತಾರೆ. ಶಿವಮೊಗ್ಗದ ದೊಡ್ಡ ಚರ್ಚ್, ಅವರ ಶಾಲೆಗಳು, ಇವನ್ನು ನೋಡಿ "ಫಾದರ್‌ಗಳಿಗೇನು ಕಮ್ಮಿ" ಅನ್ನುತ್ತಾರೆ. ಆ ಕಟ್ಟಡ ಯಾವ ಫಾದರ್ ಹೆಸರಲ್ಲೂ ಇಲ್ಲ. ಪೂಜೆಗೆ ಅಂತ ಜನ ಕೊಡುವ ಕಾಣಿಕೆಯಲ್ಲೂ ದಿನಕ್ಕೆ ಒಂದು ಪೂಜೆಯದ್ದನ್ನು ಮಾತ್ರ ಇಟ್ಟುಕೊಳ್ಳಬಹುದು, ಇದು ಕ್ಯಾಥೊಲಿಕ್ ಸಭೆಯ ಕಾನೂನು. ಇನ್ನು "ಫಾರಿನ್ ದುಡ್ಡು" ಅನ್ನುವ ಮಾತು. ವಿದೇಶಿ ದೇಣಿಗೆಗೆ ಕೇಂದ್ರದ ನೋಂದಣಿಯೋ ಅನುಮತಿಯೋ ಬೇಕು. 2020ರ ತಿದ್ದುಪಡಿ ಆದ ಮೇಲೆ ಅದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭದ್ರಾವತಿಯಲ್ಲಿ ಬಾಡಿಗೆ ಹಾಲ್ ಹಿಡಿದು ಪ್ರಾರ್ಥನೆ ನಡೆಸುವ ಪಾಸ್ಟರ್ ಇದನ್ನೆಲ್ಲ ಎಲ್ಲಿಂದ ಮಾಡಿಸಬೇಕು?

ನಾನು ಬೆಳೆದದ್ದು ಅಂಥದೇ ಒಂದು ಸಭೆಯಲ್ಲಿ. ಪಾಸ್ಟರ್ ಅಯ್ಯನವರಿಗೆ ಇಷ್ಟೇ ಸಂಬಳ ಅಂತ ಇರಲಿಲ್ಲ. ಚೀಲದಲ್ಲಿ ಬಿದ್ದ ಕಾಣಿಕೆ, ದಶಮಾಂಶ, ಬೆಳೆ ಹಬ್ಬದ ಹರಾಜು, ಇದರಲ್ಲೇ ಹಾಲ್ ಬಾಡಿಗೆ, ಕರೆಂಟ್ ಬಿಲ್ಲು, ಮಿಕ್ಕಿದ್ದು ಅವರ ಸಂಸಾರಕ್ಕೆ. ಹರಾಜಿನಲ್ಲಿ ಒಂದು ಬಾಳೆಗೊನೆಯನ್ನು ಪೇಟೆ ಬೆಲೆಯ ಹತ್ತರಷ್ಟು ಕೊಟ್ಟು ಕೂಗುತ್ತಿದ್ದವರು ಇದ್ದರು, ಅವರ ಪ್ರೀತಿ ದೊಡ್ಡದು. ಆದರೂ ಅಯ್ಯನವರ ಮನೆ ನಡೆದದ್ದು ಅವರ ಹೆಂಡತಿಯ ಹೊಲಿಗೆ ಮಷಿನ್ನಿಂದ. ಅಡಿಕೆ ಸುಲಿಯಲು ಹೋಗುವ ಹೆಂಗಸರು ಕೂಲಿಯಲ್ಲಿ ಹತ್ತರಲ್ಲೊಂದು ಪಾಲು ತಂದು ಹಾಕುತ್ತಿದ್ದರು. ಕೈಲಾಗದವರಿಗೆ ವಿನಾಯಿತಿ ಅನ್ನುವುದು ಅಲ್ಲಿ ಇರಲೇ ಇಲ್ಲ. ಅದು ನನ್ನನ್ನು ಈಗಲೂ ನೋಯಿಸುತ್ತದೆ. ಅಯ್ಯನವರು ಹಳೇ ಬೈಕ್ ಬದಲು ಹೊಸದು ತಂದಾಗ ಎಷ್ಟು ಮಾತು ಹುಟ್ಟಿತು ಅಂದರೆ, ಅದು ಅವರ ಭಾಮೈದ ಕೊಡಿಸಿದ್ದು ಅಂತ ಅವರೇ ನಿಂತು ಹೇಳಬೇಕಾಯಿತು.

ಲೆಕ್ಕ ಗೊತ್ತಿಲ್ಲದ ಕಡೆ ಇಂಥ ಮಾತು ಹುಟ್ಟದೇ ಇರುತ್ತದಾ? ಟೀವಿಯಲ್ಲಿ ಕಾಣುವ ನಾಲ್ಕು ಜನ ಶ್ರೀಮಂತ ಬೋಧಕರ ಹೆಸರು ಊರಿನ ಬಡ ಪಾಸ್ಟರಿಗೂ ಅಂಟಿಕೊಳ್ಳುತ್ತದೆ. ನಿಜವಾಗಿ ದುಡ್ಡು ಮಾಡುವವರಿಗೂ ಈ ಗುಟ್ಟೇ ಅನುಕೂಲ.

ಹಾಗಾಗಿ ನಮ್ಮ ಸಭೆಯ ಕಮಿಟಿಯವರಿಗೆ ಪತ್ರ ಬರೆದಿದ್ದೇನೆ. ಪಾಸ್ಟರಿಗೆ ಒಂದು ಗೊತ್ತಾದ ಸಂಬಳ ಇಡಿ, ಎಷ್ಟೇ ಕಡಿಮೆ ಇರಲಿ. ಮನೆ ಬಾಡಿಗೆ ಬೇರೆ ಕೊಡಿ. ವಯಸ್ಸಾದ ಮೇಲೆ ಕೈಗೆ ಬರುವಂತೆ ತಿಂಗಳು ತಿಂಗಳು ಏನಾದರೂ ಕಟ್ಟಿ, ಅದಕ್ಕೆ ನನ್ನ ಪಾಲು ನಾನು ಕಳಿಸುತ್ತೇನೆ. ಈ ಮೂರನ್ನೂ ವರ್ಷದ ಲೆಕ್ಕದಲ್ಲಿ ಬೇರೆ ಬೇರೆಯಾಗಿ ಬರೆದು ಎಲ್ಲರ ಮುಂದೆ ಓದಿ ಅಂತ ಕೇಳಿದ್ದೇನೆ.