ಹಿಂದಿಕ್ಕಲಾಗದ ಹನ್ನೆರಡು ಸುತ್ತು

2005ರ ಏಪ್ರಿಲ್ 24ರ ಭಾನುವಾರ ಸಂಜೆ ನಮ್ಮ ಹಾಸ್ಟೆಲಿನ ಟಿವಿ ಕೋಣೆಯಲ್ಲಿ ಇಟಲಿಯ ಇಮೋಲಾದ ಸಾನ್ ಮರಿನೋ ಗ್ರ್ಯಾನ್ ಪ್ರಿ ಕಾರ್ ರೇಸ್ ನೋಡಲು ಕುಳಿತವರು ನಾಲ್ಕೇ ಜನ. ಕೊನೆಯ ಹತ್ತು ಸುತ್ತು ಉಳಿದಿರುವಾಗ ತಿರುಗಿ ನೋಡಿದರೆ ಬಾಗಿಲವರೆಗೂ ಜನ ನಿಂತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಫಾರ್ಮುಲಾ ಒನ್ ಎಂದರೆ ಕೆಂಪು ಕಾರು ಮತ್ತು ಶೂಮಾಕರ್ ಎಂಬುದರಾಚೆಗೆ ಏನೂ ತಿಳಿದಿರಲಿಲ್ಲ.

ಮುಂದಿದ್ದದ್ದು ರೆನೋ ತಂಡದ ಫೆರ್ನಾಂಡೊ ಅಲೊನ್ಸೊ. 13ನೇ ಸ್ಥಾನದಿಂದ ಹೊರಟು ಅವರ ಬೆನ್ನಿಗೆ ಬಂದು ಅಂಟಿಕೊಂಡಿದ್ದವರು ಫೆರಾರಿಯ ಮೈಕೆಲ್ ಶೂಮಾಕರ್. ದಾರಿ ಖಾಲಿ ಸಿಕ್ಕಾಗ ಶೂಮಾಕರ್ ಪ್ರತಿ ಸುತ್ತಿನಲ್ಲೂ ಒಂದು ಸೆಕೆಂಡಿಗೂ ಹೆಚ್ಚು ಉಳಿಸುತ್ತಿದ್ದರು ಎಂಬುದನ್ನು ನೋಡಿದವರಿಗೆ, ಇನ್ನು ಎರಡು ಸುತ್ತಿನಲ್ಲಿ ಕಥೆ ಮುಗಿಯಿತು ಎಂದೇ ಅನ್ನಿಸಿತ್ತು. ಮುಗಿಯಲಿಲ್ಲ. ಅಲೊನ್ಸೊ ತಿರುವಿಗೆ ಇಳಿಯುವಾಗ ಬೇಕೆಂದೇ ನಿಧಾನಿಸಿ, ಹಿಂದಿನವರೂ ಬ್ರೇಕ್ ಒತ್ತಲೇಬೇಕಾದಂತೆ ಮಾಡಿ, ತಿರುವಿನಿಂದ ಹೊರಬೀಳುವ ಕ್ಷಣದಲ್ಲಿ ಮೊದಲು ವೇಗ ಹಿಡಿಯುತ್ತಿದ್ದರು. ಒಳಬದಿಯನ್ನು ಮುಚ್ಚಿದರೆ ಹೊರಬದಿ ತೆರೆದುಕೊಳ್ಳುತ್ತದೆ; ಹೊರಬದಿಗೆ ಶೂಮಾಕರ್ ಮೂಗು ತೋರಿಸುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತಿತ್ತು. ಹೀಗೆ ಹನ್ನೆರಡು ಸುತ್ತು ಕಳೆದು ಗೆರೆ ದಾಟಿದಾಗ ಇಬ್ಬರ ನಡುವಿನ ಅಂತರ 0.215 ಸೆಕೆಂಡು.

ಈ ಸಂಖ್ಯೆಗೆ ಒಂದು ಸೋಜಿಗದ ಜೋಡಿಯಿದೆ. 1992ರ ಮೊನಾಕೊದಲ್ಲಿ ಐರ್ಟನ್ ಸೆನ್ನಾ ನೈಜೆಲ್ ಮ್ಯಾನ್ಸೆಲ್ ಅವರನ್ನು ತಡೆದು ಗೆದ್ದದ್ದೂ 0.215 ಸೆಕೆಂಡಿನಿಂದಲೇ. ಆ ಋತುವಿನ ಮೊದಲ ಐದು ರೇಸುಗಳನ್ನೂ ಗೆದ್ದು ಬಂದಿದ್ದ ಮ್ಯಾನ್ಸೆಲ್, ಕೊನೆಯ ಹಂತದಲ್ಲಿ ಟೈರು ಬದಲಿಸುವ ತಾಣವಾದ ಪಿಟ್‌ಗೆ ಹೋಗಬೇಕಾಗಿ ಬಂದು, ಹೊಸ ಟೈರುಗಳೊಂದಿಗೆ ಮರಳಿ ಸೆನ್ನಾ ಅವರನ್ನು ಬೆನ್ನಟ್ಟಿ, ಎಡಕ್ಕೂ ಬಲಕ್ಕೂ ಹೊರಳಾಡಿದರೂ ದಾರಿ ಸಿಗಲಿಲ್ಲ. ಜನ ಇಂದಿಗೂ ಮಾತಾಡಿಕೊಳ್ಳುವ ಈ ಎರಡು ರೇಸುಗಳ ಕೊನೆಯ ಕಾದಾಟದಲ್ಲಿ ಹಿಂದಿಕ್ಕುವಿಕೆಯ ಲೆಕ್ಕ ಸೊನ್ನೆ. ರೇಸ್ ರೋಚಕವಾಗಬೇಕಾದರೆ ಹಿಂದಿಕ್ಕುವಿಕೆ ಹೆಚ್ಚಬೇಕು ಎಂದು ನಿಯಮ ಬರೆಯುವವರು ಹೇಳುವಾಗಲೆಲ್ಲ ನನಗೆ ನೆನಪಾಗುವುದು ಈ ಸೊನ್ನೆಯೇ.

ಹಾಗೆಂದು ಸಮಸ್ಯೆಯೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. 2010ರ ಅಬುಧಾಬಿಯಲ್ಲಿ ಇದೇ ಅಲೊನ್ಸೊ, ತಮಗಿಂತ ನಿಧಾನವಾಗಿದ್ದ ವಿತಾಲಿ ಪೆಟ್ರೊವ್ ಅವರ ಹಿಂದೆ ರೇಸಿನ ಬಹುಪಾಲು ಸಿಕ್ಕಿಕೊಂಡು ಚಾಂಪಿಯನ್ ಪಟ್ಟವನ್ನೇ ಸೆಬಾಸ್ಟಿಯನ್ ವೆಟೆಲ್ ಅವರಿಗೆ ಬಿಟ್ಟುಕೊಟ್ಟರು. ಮುಂದಿನ ಕಾರು ಕಲಕಿ ಬಿಟ್ಟ ಗಾಳಿಯಲ್ಲಿ ಹಿಂದಿನ ಕಾರಿನ ರೆಕ್ಕೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ನೆಲಕ್ಕೆ ಒತ್ತುವ ಬಲ ಕುಸಿಯುತ್ತದೆ, ತಿರುವಿನಲ್ಲಿ ಕಾರು ಜಾರುತ್ತದೆ, ಟೈರು ಕಾದು ಸವೆಯುತ್ತದೆ. ಮರುವರ್ಷ ಬಂದ ಡಿಆರ್‌ಎಸ್ (ಡ್ರ್ಯಾಗ್ ರಿಡಕ್ಷನ್ ಸಿಸ್ಟಮ್) ಎಂಬ ಏರ್ಪಾಡು ಈ ರೋಗದ ಬೇರನ್ನು ಮುಟ್ಟದೆ ನೋವಿಗೆ ಮಾತ್ರೆ ಕೊಟ್ಟಿತು. ಗುರುತಿಸಿದ ಗೆರೆಯಲ್ಲಿ ಮುಂದಿನವರಿಗಿಂತ ಒಂದು ಸೆಕೆಂಡಿನೊಳಗೆ ಇದ್ದರೆ, ಹಿಂದಿರುವವರು ನೇರ ರಸ್ತೆಯಲ್ಲಿ ತಮ್ಮ ಹಿಂಬದಿಯ ರೆಕ್ಕೆಯನ್ನು ತೆರೆದು ಗಾಳಿಯ ತಡೆ ತಗ್ಗಿಸಿಕೊಳ್ಳಬಹುದಿತ್ತು. ಮುಂದಿರುವವರಿಗೆ ಆ ಹಕ್ಕಿರಲಿಲ್ಲ. ನನ್ನ ತಕರಾರು ಇದ್ದದ್ದು ಇಲ್ಲಿಯೇ. ಒಬ್ಬ ಪೈಲ್ವಾನನ ಕೈ ಕಟ್ಟಿ ಅಖಾಡಕ್ಕೆ ಇಳಿಸಿದರೆ ಕುಸ್ತಿ ಬೇಗ ಮುಗಿಯುತ್ತದೆ, ನಿಜ. ಆದರೆ ಪಟ್ಟು ನೋಡಲು ಬಂದವರಿಗೆ ಸಿಗುವುದೇನು? ನೇರ ರಸ್ತೆಯ ನಡುವಿನಲ್ಲೇ, ಬ್ರೇಕ್ ಒತ್ತುವ ಜಾಗಕ್ಕಿಂತ ಎಷ್ಟೋ ಮೊದಲೇ, ಹೆದ್ದಾರಿಯಲ್ಲಿ ಲಾರಿಯನ್ನು ದಾಟುವ ಹಾಗೆ ಒಂದು ಕಾರು ಇನ್ನೊಂದನ್ನು ದಾಟಿಹೋದ ದೃಶ್ಯಗಳನ್ನು ಹದಿನೈದು ವರ್ಷ ನೋಡಿದ್ದೇವೆ. ಅವುಗಳಲ್ಲಿ ನೆನಪಿನಲ್ಲಿ ಉಳಿದದ್ದು ಎಷ್ಟು?

ಎಲ್ಲ ನಿಯಮವೂ ಮನುಷ್ಯ ಮಾಡಿದ್ದೇ ಅಲ್ಲವೇ ಎಂದು ಗೆಳೆಯನೊಬ್ಬ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದು. ಇಮೋಲಾದ ಆ ರೇಸಿನಲ್ಲೂ ನಡುವೆ ಟೈರು ಬದಲಿಸಬಾರದೆಂಬ ಆ ವರ್ಷದ ನಿಯಮವಿತ್ತು, ಅದೂ ಸಹಜವಾಗಿ ಹುಟ್ಟಿದ್ದಲ್ಲ. ಆದರೆ ಅದು ಮುಂದಿದ್ದವರಿಗೂ ಹಿಂದಿದ್ದವರಿಗೂ ಒಂದೇ ಭಾರ ಹೊರಿಸಿತ್ತು, ಆ ಭಾರವನ್ನು ಹೊರುವುದು ಚಾಲಕನ ಜಾಣ್ಮೆಗೆ ಬಿಟ್ಟದ್ದಾಗಿತ್ತು. ಅಭಿಮಾನಿಗಳು ಮತ ಹಾಕಿ ತಮಗೆ ಇಷ್ಟವಾದ ಚಾಲಕನಿಗೆ ಹೆಚ್ಚುವರಿ ಶಕ್ತಿ ಕೊಡಿಸುವ, ವಿದ್ಯುತ್ ಕಾರುಗಳ ರೇಸ್ ಸರಣಿಯಾದ ಫಾರ್ಮುಲಾ ಇ ವರ್ಷಗಟ್ಟಲೆ ನಡೆಸಿ ಕೊನೆಗೆ ಕೈಬಿಟ್ಟ ಫ್ಯಾನ್‌ಬೂಸ್ಟ್ ಅನ್ನು ಅದರ ಪಕ್ಕದಲ್ಲಿಡಲಾಗದು. ಋತುವಿನ ಕೊನೆಯ ರೇಸಿಗೆ ಮಾತ್ರ ಇಮ್ಮಡಿ ಅಂಕವೆಂಬ 2014ರ ಏರ್ಪಾಡು ಒಂದೇ ವರ್ಷಕ್ಕೆ ಮುಗಿಯಿತು. ಆಗ ಫಾರ್ಮುಲಾ ಒನ್ ವ್ಯವಹಾರದ ಮುಖ್ಯಸ್ಥರಾಗಿದ್ದ ಬರ್ನಿ ಎಕ್ಲೆಸ್ಟನ್ ಅವರು ಟ್ರ್ಯಾಕಿಗೆ ಕೃತಕ ಮಳೆ ಸುರಿಸೋಣ ಎಂದದ್ದು ಪುಣ್ಯಕ್ಕೆ ಮಾತಾಗಿಯೇ ಉಳಿಯಿತು.

ಊರಿನ ಓಣಿಗಳಲ್ಲೇ ನಡೆಯುವ ಮೊನಾಕೊ ರೇಸಿನ ಇತ್ತೀಚಿನ ಕಥೆ ಇದಕ್ಕೆಲ್ಲ ಒಳ್ಳೆಯ ಪಾಠ. 2024ರಲ್ಲಿ ಮೊದಲ ಸುತ್ತಿನಲ್ಲೇ ಅಪಘಾತವಾಗಿ ರೇಸ್ ನಿಂತಾಗ ಎಲ್ಲರೂ ಪುಕ್ಕಟೆಯಾಗಿ ಟೈರು ಬದಲಿಸಿಕೊಂಡರು, ಮತ್ತೆ ನಿಲ್ಲುವ ಅಗತ್ಯ ಬೀಳಲಿಲ್ಲ, ಮೊದಲ ಹತ್ತು ಜನ ಹೊರಟ ಸಾಲಿನಲ್ಲೇ ಮುಗಿಸಿದರು. ನಾಚಿಕೆಯಾಗುವಂಥ ಮೆರವಣಿಗೆಯೇ, ಒಪ್ಪುತ್ತೇನೆ. ಅದಕ್ಕೆ ಮದ್ದಾಗಿ 2025ರಲ್ಲಿ ಅಲ್ಲಿ ಎರಡು ಪಿಟ್ ಸ್ಟಾಪ್ ಕಡ್ಡಾಯ ಮಾಡಿದರು. ತಂಡಗಳು ಮಾಡಿದ್ದೇನು? ರೇಸಿಂಗ್ ಬುಲ್ಸ್‌ನ ಲಿಯಾಮ್ ಲಾಸನ್ ಬೇಕೆಂದೇ ಕಾರನ್ನು ನಿಧಾನಿಸಿ ಹಿಂದಿನವರನ್ನೆಲ್ಲ ಕಟ್ಟಿಹಾಕಿದರು. ಆ ಬಿಡುವಿನಲ್ಲಿ ಜೊತೆಗಾರ ಇಸಾಕ್ ಹಜಾರ್ ಹೆಚ್ಚು ಸ್ಥಾನ ಕಳೆದುಕೊಳ್ಳದೆ ಎರಡೂ ನಿಲುಗಡೆಗಳನ್ನು ಮುಗಿಸಿಕೊಂಡರು. ವಿಲಿಯಮ್ಸ್‌ನ ಆಲ್ಬನ್ ಮತ್ತು ಸೈನ್ಜ್ ಸರದಿಯ ಮೇಲೆ ಅದನ್ನೇ ಮಾಡಿದರು. ಅವರ ಹಿಂದೆ ಸಿಕ್ಕಿಬಿದ್ದ ಜಾರ್ಜ್ ರಸೆಲ್ ತಾಳ್ಮೆಗೆಟ್ಟು, ಸುರಂಗದ ನಂತರದ ತಿರುವನ್ನು ಅಡ್ಡದಾರಿಯಲ್ಲಿ ಕತ್ತರಿಸಿ ಮುಂದೆ ಹೋಗಿ, ಸ್ಥಾನ ಹಿಂತಿರುಗಿಸದೆ ಶಿಕ್ಷೆಯನ್ನೇ ಒಪ್ಪಿಕೊಂಡರು. ಮುಂದಿದ್ದ ಮ್ಯಾಕ್ಸ್ ವರ್ಸ್ಟಾಪನ್ ಎಲ್ಲಾದರೂ ರೇಸ್ ನಿಲ್ಲಿಸುವ ಕೆಂಪು ಬಾವುಟ ಹಾರೀತೇ ಎಂದು ಎರಡನೆಯ ನಿಲುಗಡೆಯನ್ನು ಕೊನೆಯ ಗಳಿಗೆಯವರೆಗೆ ಎಳೆದರು. ವೇಗದ ಕ್ರೀಡೆಯಲ್ಲಿ ನಿಧಾನವಾಗಿ ಓಡಿಸುವುದಕ್ಕೇ ಬೆಲೆ ಬಂದಂತಾಯಿತು. ಸುಮಾರು 5.5 ಮೀಟರ್ ಉದ್ದ, 2 ಮೀಟರ್ ಅಗಲದ ಕಾರುಗಳನ್ನು ಆ ಓಣಿಗಳಿಗೆ ನುಗ್ಗಿಸಿರುವುದೇ ತೊಡಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಕಾರನ್ನು ಕಿರಿದಾಗಿಸುವುದು ದುಬಾರಿ, ನಿಯಮ ಬರೆಯಲು ಹಾಳೆ ಸಾಕು.

ಬೇರಿಗೇ ಕೈಹಾಕಿದ ಯತ್ನವೂ ನಡೆಯದೆ ಇಲ್ಲ. 2022ರಲ್ಲಿ ಕಾರಿನ ತಳಭಾಗದಿಂದಲೇ ಹೆಚ್ಚಿನ ಒತ್ತುಬಲ ಬರುವಂತೆ ವಿನ್ಯಾಸ ಬದಲಿಸಿ, ಹಿಂದಿನ ಕಾರಿಗೆ ಸಿಗುವ ಗಾಳಿಯನ್ನು ತಿಳಿಗೊಳಿಸಿದಾಗ, ಕಾರುಗಳು ತಿರುವುಗಳಲ್ಲಿಯೂ ಹತ್ತಿರ ಉಳಿದು ಸುತ್ತುಗಟ್ಟಲೆ ಕಾದಾಡಿದ್ದನ್ನು ಕಂಡೆವು. ವರ್ಷ ಕಳೆದಂತೆ ತಂಡಗಳ ಎಂಜಿನಿಯರುಗಳು ಆ ಲಾಭವನ್ನು ಒಂದಿಷ್ಟು ಕೊರೆದುಹಾಕಿದರು, ಅದು ಅವರ ಕೆಲಸ. ಆದರೂ ಶ್ರಮ ಹೋಗಬೇಕಾದ ದಿಕ್ಕು ಅದೇ ಎಂದು ನನ್ನ ನಂಬಿಕೆ. 2026ರಲ್ಲಿ ಡಿಆರ್‌ಎಸ್ ಹೋಗಿ, ರೆಕ್ಕೆ ತೆರೆಯುವ ಅವಕಾಶ ಎಲ್ಲರಿಗೂ ಬಂದಿದೆ. ಆದರೆ ಒಂದು ಸೆಕೆಂಡಿನೊಳಗೆ ಬಂದ ಹಿಂಬಾಲಕನಿಗೆ ಹೆಚ್ಚುವರಿ ವಿದ್ಯುತ್ ಶಕ್ತಿಯ ರೂಪದಲ್ಲಿ ಅದೇ ಹಳೆಯ ಉಡುಗೊರೆ ಬೇರೆ ಪೊಟ್ಟಣದಲ್ಲಿ ಉಳಿದಿದೆ.

ಇಮೋಲಾದ ಕಥೆಗೆ ಇನ್ನೊಂದು ಕಂತಿದೆ. 2006ರಲ್ಲಿ ಅದೇ ಟ್ರ್ಯಾಕಿನಲ್ಲಿ ಮುಂದಿದ್ದವರು ಶೂಮಾಕರ್, ಹಿಂದೆ ಚಡಪಡಿಸುತ್ತಿದ್ದವರು ಅಲೊನ್ಸೊ. ಒಂದು ವರ್ಷದ ಹಿಂದೆ ತಾವೇ ಹಾಕಿದ್ದ ಬೀಗವನ್ನು ಅಲೊನ್ಸೊ ಸುತ್ತಿನ ಮೇಲೆ ಸುತ್ತು ಅಲ್ಲಾಡಿಸಿ ನೋಡಿದರು, ಅದು ತೆರೆಯಲಿಲ್ಲ.