ಕರಿಯನಿಗೆ ಲಕ್ವ ಹೊಡೆದಿರಲಿಲ್ಲ

ನಮ್ಮ ನಾಯಿ ಕರಿಯನಿಗೆ 13 ವರ್ಷ ದಾಟಿದೆ. ಬೀದಿಯಿಂದ ಬಂದ ಮರಿ, ಕಾಯಿಲೆ ಅಂತ ಒಂದು ದಿನ ಮಲಗಿದವನಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದೆ, ಎದ್ದು ಬರಲು ಹೋದವನು ಆಯತಪ್ಪಿ ಎಡಕ್ಕೆ ದೊಪ್ಪನೆ ಬಿದ್ದ. ಮತ್ತೆ ಎದ್ದ, ಮತ್ತೆ ಅದೇ ಕಡೆಗೆ ಬಿದ್ದ. ತಲೆ ಎಡಕ್ಕೆ ವಾಲಿತ್ತು, ಬಾಯಲ್ಲಿ ಜೊಲ್ಲು, ಆಮೇಲೆ ವಾಂತಿ. ಹೆಚ್ಚು ಹೆದರಿಸಿದ್ದು ಕಣ್ಣು. ಓಡುವ ಬಸ್ಸಿನ ಕಿಟಕಿಯಿಂದ ಲೈಟುಕಂಬ ಎಣಿಸುವವರ ಹಾಗೆ ಗುಡ್ಡೆಗಳು ಪಕ್ಕದಿಂದ ಪಕ್ಕಕ್ಕೆ ಪಟಪಟ ಓಡುತ್ತಿದ್ದವು.

"ಲಕ್ವ ಹೊಡೆದಿದೆ ಕಣೋ" ಅಂದರು ಅಮ್ಮ. ಫೋನಿನಲ್ಲಿ ಸಿಕ್ಕ ಮೊದಲ ಡಾಕ್ಟರೂ ಅದನ್ನೇ ಹೇಳಿ, ವಯಸ್ಸಾಗಿದೆಯಲ್ಲ, ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ್ವಾ ಅಂದರು. ನೋಡದೇನೇ! ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಎರಡನೆಯವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಪಾದ ಮಡಚಿ ನೆಲಕ್ಕಿಟ್ಟು, ತಾನಾಗೇ ಸರಿ ಮಾಡಿಕೊಳ್ಳುತ್ತಾನಾ ಅಂತ ಕಾದರು. ಮಾಡಿಕೊಂಡ. ಹಾಗೆ ಮಾಡಿಕೊಳ್ಳದಿದ್ದರೆ, ಇಲ್ಲವೇ ಕಣ್ಣುಗುಡ್ಡೆ ಮೇಲೆ ಕೆಳಗೆ ಓಡಿದ್ದರೆ ಮೆದುಳಿನ ಮೇಲೆ ಅನುಮಾನ ಜಾಸ್ತಿ ಇರುತ್ತಿತ್ತಂತೆ. ಇದು ವೆಸ್ಟಿಬುಲರ್, ಅಂದರೆ ದೇಹದ ಸಮತೋಲನದ ತೊಂದರೆ. ದೇಹದ ತೂಕ ಎತ್ತ ವಾಲುತ್ತಿದೆ ಅಂತ ಮೆದುಳಿಗೆ ಹೇಳುವುದು ಒಳಗಿವಿ. ಒಂದು ಕಡೆಯದು ಕೈಕೊಟ್ಟರೆ ಎರಡು ಕಿವಿಯ ಮಾತು ತಾಳೆಯಾಗುವುದಿಲ್ಲ, ಸುಮ್ನೆ ನಿಂತಿದ್ದರೂ ಲೋಕ ಗಿರಗಿರ ತಿರುಗುತ್ತದೆ. ಕಿವಿ ಸೋಂಕು, ಥೈರಾಯ್ಡ್ ಕೊರತೆಯಿಂದಲೂ ಬರಬಹುದು, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಅತಿಯಾದರೂ ಹೀಗಾಗುತ್ತದೆ. ಮುದಿ ನಾಯಿಗಳಲ್ಲಿ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ನಮಗೂ ಸಿಗಲಿಲ್ಲ.

ಕಾರಣ ಸಿಗದಿದ್ದಾಗ ಇದಕ್ಕೇ ಅಂತ ಔಷಧಿಯೂ ಇಲ್ಲ. ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ಮೂರು ದಿನ ಕಾಯಿರಿ, ಅಷ್ಟರಲ್ಲಿ ಸುಧಾರಿಸಲು ಶುರುವಾಗಬೇಕು, ಆಗದಿದ್ದರೆ ಕರೆತನ್ನಿ ಅಂದರು.

ಆ ಮೂರು ದಿನ ನಮ್ಮ ಮನೆಯ ದೊಡ್ಡ ಶತ್ರು ನುಣುಪು ಟೈಲ್ಸ್. ಹಾಲ್ ತುಂಬಾ ಗೋಣಿಚೀಲ, ಹಳೆ ಕಂಬಳಿ, ಹೆಂಡತಿಯ ಯೋಗಾ ಮ್ಯಾಟ್ ಹಾಸಿದೆವು. ಮೊದಲು ತಪ್ಪು ಮಾಡಿದ್ದು ನಾನೇ, ಅವನನ್ನು ಗಬಕ್ಕನೆ ಎತ್ತಿಕೊಂಡೆ, ನಾಲ್ಕು ಕಾಲಲ್ಲೂ ಗಾಳಿ ಹಿಡಿಯಲು ಒದ್ದಾಡಿದ, ಆಮೇಲೆ ಗೊತ್ತಾಯಿತು ನೆಲ ಕಾಲಿಗೆ ತಾಕದಿದ್ದರೆ ಅವನಿಗೆ ಇನ್ನೂ ದಿಗಿಲು ಅಂತ. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಮೆಲ್ಲಗೆ ನಡೆಸಬೇಕು. ರಾತ್ರಿ ಒಂದು ಲೈಟು ಉರಿಯುತ್ತಲೇ ಇರಲಿ, ಕಣ್ಣಿನ ಆಸರೆ ಬೇಕಾಗುತ್ತದೆ. ಮೊಸರನ್ನ ಕೈಯಿಂದಲೇ ತಿನ್ನಿಸಿದೆವು.

ಮೂರನೇ ದಿನ ಕಣ್ಣುಗುಡ್ಡೆಗಳ ಓಟ ನಿಂತಿತು. ತಲೆ ಈಗಲೂ ಸ್ವಲ್ಪ ವಾಲಿದೆ, ಹಾಗೇ ಉಳಿಯಲೂಬಹುದಂತೆ. ಎರಡು ವಾರ ಹೆಣ್ಣುನಾಯಿಯ ಹಾಗೆ ಕೂತೇ ಉಚ್ಚೆ ಹೊಯ್ಯುತ್ತಿದ್ದವನು ಮೊನ್ನೆ ಪಕ್ಕದ ಮನೆಯವರ ಸ್ಕೂಟರ್ ಚಕ್ರಕ್ಕೆ ಕಾಲೆತ್ತಿದ. ಅವರು ಬೈದರು, ನಾನು ನಗುತ್ತಾ ನೀರು ಹಾಕಿ ತೊಳೆದೆ.